ಇತರೆ ವಿಷಯಗಳು

ಊರ ಸಭಾಮನೆಯ ಮುಂದಿನ ಕರಿಹಲಗೆಯ ಮೇಲೆ ಸಭೆಯ ವಿಷಯಗಳನ್ನು ಬರೆಯುವ ಕೆಲಸ ಇಪ್ಪತ್ತೆರಡು ವರ್ಷಗಳಿಂದ ಬೋರ್ಡಣ್ಣನದು. ಅವನ ಹುಟ್ಟುಹೆಸರು ಹೆಂಡತಿಗೂ ಯೋಚಿಸಿದರೆ ಮಾತ್ರ ನೆನಪಾಗುವಂಥದ್ದು. ಅಂಗಡಿಯ ಫಲಕ, ಗಾಡಿಯ ಹಿಂಬದಿಯ ಬರಹ, ಓಟಿನ ಕಾಲಕ್ಕೆ ಗೋಡೆ ತುಂಬ ಅಭ್ಯರ್ಥಿಯ ಹೆಸರು, ಎಲ್ಲವೂ ಅವನ ಕುಂಚದಿಂದಲೇ ಆಗಬೇಕು. ಅವನು ಬರೆದ ಅಕ್ಷರದ ಕೊಂಬಿನ ಬಳುಕು ನೋಡಿಯೇ ಇದು ಇವನದೆಂದು ಹೊಲದಾಚೆಯಿಂದ ಗುರುತು ಹಿಡಿಯುವವರಿದ್ದರು. ಆದರೂ ಅದನ್ನು ಕಲೆ ಎಂದು ಯಾರೂ ಅಂದಿರಲಿಲ್ಲ. ಊರಿಗೆ ಕಲೆ ಎಂದರೆ ಅವನ ಷಡ್ಡಕನ ಹಾಡು.

ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಎರಡು ಬೀದಿಯಾಚೆ ಮನೆ, ಹೊಟ್ಟೆಪಾಡಿಗೆ ಹೊಲಿಗೆ, ಹೊತ್ತು ಸಿಕ್ಕರೆ ಹಾಡು. ಅವನು ಮದುವೆಯಾಗಿ ಬಂದ ವರ್ಷದಿಂದಲೂ ಬೋರ್ಡಣ್ಣನ ಕಿವಿಗೆ ಅವನ ಗುಣಗಾನ ಬೀಳದ ದಿನವಿಲ್ಲ.

ಸಭೆಯ ಹಿಂದಿನ ದಿನ ಬೆಳಿಗ್ಗೆ ಹೆಂಡತಿ ಹಟ್ಟಿ ಗುಡಿಸುತ್ತ ಹೇಳಿದಳು: “ನಮ್ಮ ತಂಗಿ ಗಂಡ ನಾಳೆ ಸಭೇಲಿ ಮಾತಾಡ್ತಾರಂತೆ. ಅಧ್ಯಕ್ಷರೇ ಮನೆಗೆ ಬಂದು ಕರೆದರಂತೆ.”

“ಕರೀಲಿ. ಕೋಳೀನ ಯಾರೂ ಮನೆಗೆ ಬಂದು ಕೂಗು ಅನ್ನಲ್ಲ, ಅಷ್ಟೇ ವ್ಯತ್ಯಾಸ.”

“ನಿಮ್ಮನ್ನ ಇಷ್ಟು ವರ್ಷದಲ್ಲಿ ಒಂದು ದಿನ ಒಂದು ಮಾತು ಕೇಳಿದ್ದಾರಾ ಅವರು?”

ಕುಟುಕಬೇಕೆಂದು ಅಂದದ್ದಲ್ಲ, ಪೊರಕೆಯ ಲಯಕ್ಕೆ ಸುಮ್ಮನೆ ಬಂದ ಮಾತು. ಅದಕ್ಕೇ ಅದು ಇನ್ನಷ್ಟು ಆಳಕ್ಕೆ ಇಳಿಯಿತು.

ಮಾತಾಡಬೇಕಾಗಿದ್ದದ್ದು ಹಳೆಯ ತೂಕದ ಮನೆಯ ವಿಚಾರ. ಕಾಳು ತೂಗುವುದು ನಿಂತ ಮೇಲೆ ಅದು ಖಾಲಿ ಬಿದ್ದಿತ್ತು. ಹಾಡು, ನಾಟಕದ ಅಭ್ಯಾಸಕ್ಕೆ ಕೊಡಿ ಎಂದು ಷಡ್ಡಕನ ಕಡೆಯವರು, ಚೀಲ ಪೇರಿಸಲು ಕೊಡಿ ಎಂದು ಗೊಬ್ಬರದಂಗಡಿಯವನು. ಈ ಸಭೆಯಲ್ಲಿ ತೀರ್ಮಾನವಾಗದಿದ್ದರೆ ತಿಂಗಳ ಕೊನೆಗೆ ಅದು ಗೊಬ್ಬರದಂಗಡಿಯವನ ಪಾಲು ಎಂದು ಮೊದಲೇ ಮಾತಾಗಿತ್ತು.

ಮಧ್ಯಾಹ್ನ ಗುಮಾಸ್ತ ಚೀಟಿ ಕೊಟ್ಟು ಹೋದ. ರಸ್ತೆಯ ಗುಂಡಿ, ನೀರಿನ ಕೊಳವೆ, ಚರಂಡಿ, ನಾಲ್ಕನೆಯದು ತೂಕದ ಮನೆ. ಆಮೇಲೆ ಬೀದಿದೀಪ, ಬೀದಿನಾಯಿ, ಏಳನೆಯದು ಇತರೆ. ಬೋರ್ಡಣ್ಣ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆರುವತನಕ ಕಾದು, ದಾರ ಹಿಡಿದು ಗೆರೆ ಹೊಡೆದ. ಮೂರು ವಿಷಯ ಬರೆದ. ನಾಲ್ಕಕ್ಕೆ ಬಂದಾಗ ಸುಣ್ಣದ ಕಡ್ಡಿ ನಿಂತಿತು.

ಆ ಸಭೆಗೆ ಎರಡು ಕಟ್ಟಳೆಗಳಿದ್ದವು. ಹಿಂದೊಮ್ಮೆ ಯಾರೋ ಚೀಟಿ ತಿದ್ದಿದ್ದರಿಂದ, ಹಲಗೆಯ ಮೇಲಿದ್ದದ್ದೇ ವಿಷಯ ಎಂಬುದು ಒಂದು. ‘ಇತರೆ’ಯಲ್ಲಿ ಬಂದದ್ದಕ್ಕೆ ಮಾತು ಮಾತ್ರ, ಕೈ ಎತ್ತಿಸಿ ತೀರ್ಮಾನ ಮಾಡುವಂತಿಲ್ಲ ಎಂಬುದು ಇನ್ನೊಂದು. ಎರಡನ್ನೂ ಬೋರ್ಡಣ್ಣನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ.

ನಾಲ್ಕು ಎಂದು ಬರೆದು ಮುಂದೆ ಬೀದಿದೀಪ ಬರೆದ. ಐದಕ್ಕೆ ಬೀದಿನಾಯಿ. ಆರಕ್ಕೆ ಇತರೆ ವಿಷಯಗಳು. ಅದರ ಅಡಿಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ‘ತೂಕದ ಮನೆ, ಹಾಡು ಇತ್ಯಾದಿ’. ಇತ್ಯಾದಿ ಎಂಬುದು ಚೀಟಿಯಲ್ಲಿರಲಿಲ್ಲ. ಅದು ಅವನದೇ ಸೇರಿಕೆ. ಹಿಂದೆ ಸರಿದು ನೋಡಿದ. ಬರಹ ಎಂದಿನಂತೆ ಮುದ್ದಾಗಿತ್ತು.

ಮರುದಿನ ಸಭೆ ಚರಂಡಿಯಲ್ಲೇ ಎರಡು ತಾಸು ಕೂತಿತು. ಯಾರ ಮನೆಯ ನೀರು ಯಾರ ಮನೆಯ ಮುಂದೆ ನಿಲ್ಲುತ್ತದೆ ಎಂಬಲ್ಲಿಗೆ ಮೂರು ತಲೆಮಾರಿನ ಜಗಳವೆಲ್ಲ ಮೇಲೆ ತೇಲಿತು. ಬೀದಿನಾಯಿ ಮುಗಿಯುವ ಹೊತ್ತಿಗೆ ಹಾಲು ಕರೆಯುವ ಹೊತ್ತಾಗಿತ್ತು. ಅರ್ಧ ಬೆಂಚು ಖಾಲಿಯಾಯಿತು. ಬೋರ್ಡಣ್ಣ ಬಾಗಿಲಿಗೆ ಒರಗಿ ನಿಂತು, ಇಸ್ತ್ರಿಯ ಅಂಗಿ ತೊಟ್ಟು ಬಂದಿದ್ದ ಷಡ್ಡಕನ ಬೆನ್ನನ್ನೇ ನೋಡುತ್ತಿದ್ದ. ಅಂಗಿ ಅವನೇ ಹೊಲಿದದ್ದು, ಹೊಲಿಗೆ ಎಲ್ಲೂ ಸೊಟ್ಟಗಿರಲಿಲ್ಲ. ಅದೂ ಬೋರ್ಡಣ್ಣನ ಕಣ್ಣಿಗೆ ಚುಚ್ಚಿತು.

ಗುಮಾಸ್ತ ಹಲಗೆ ನೋಡಿ ಓದಿದ: “ಆರು, ಇತರೆ. ತೂಕದ ಮನೆ, ಹಾಡು ಇತ್ಯಾದಿ.”

ಷಡ್ಡಕ ಎದ್ದವನು ಹಲಗೆಯನ್ನೊಮ್ಮೆ ನೋಡಿ ತಬ್ಬಿಬ್ಬಾದ.

“ಹೂಂ, ಇತ್ಯಾದಿಯವರು ಶುರು ಮಾಡಿ,” ಎಂದ ಗೊಬ್ಬರದಂಗಡಿಯವನು. “ಹಾಡಿದ್ರೆ ಬೆಳೆ ಬರೋ ಹಾಗಿದ್ರೆ ನಾನೂ ಚೀಲ ಮಾರೋದು ಬಿಟ್ಟು ಕಲೀತೀನಿ.”

ನಗು ನಿಲ್ಲುವವರೆಗೆ ಷಡ್ಡಕ ಕಾದ. ಕೈಯಲ್ಲಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟು ಗೊಬ್ಬರದಂಗಡಿಯವನತ್ತ ತಿರುಗಿದ.

“ಮಾವ, ನೀವು ಓಟಿಗೆ ನಿಂತಾಗ ಮೊದಲು ಕರೆದದ್ದು ಯಾರನ್ನ? ಒಂದು ಗಂಟೆ ಹಾಡು, ಜನ ಸೇರಲಿ ಅಂದ್ರಿ. ಸೇರಿದ ಮೇಲೆ, ಸಾಕು, ಕೆಳಗಿಳಿ ಅಂದ್ರಿ. ಎಲ್ಲಾ ಪಕ್ಷದೋರೂ ಹಂಗೇ. ಜನ ಸೇರೋವರೆಗೆ ನಾವು ಒಂದನೇ ವಿಷಯ, ಸೇರಿದ ಮೇಲೆ ಇತರೆ. ರಸ್ತೆ ಬೇಕು, ನೀರು ಬೇಕು, ನಾನೂ ಅದೇ ನೀರು ಕುಡಿಯೋನು. ಆದ್ರೆ ನಮ್ಮ ವಿಷಯಾನ ಬೇಡ ಅಂತ ಹೇಳೋದಕ್ಕಾದ್ರೂ ಒಂದು ಸಲ ನೆಟ್ಟಗೆ ಕೂತು ಮಾತಾಡಿ.”

ಯಾರೂ ನಗಲಿಲ್ಲ. ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಹಾಡೋರು ನಾವು ನಾಲ್ಕು ಜನ ಇರಬಹುದು,” ಎಂದು ಅವನು ಮುಂದುವರಿಸಿದ. “ನಿಜವಾದ ಕಲಾವಿದ ಅಂದ್ರೆ ಅಗೋ, ಬಾಗಿಲ ಹತ್ರ ನಿಂತಿದಾರಲ್ಲ, ನಮ್ಮಣ್ಣ. ನನ್ನ ಹಾಡು ಗಾಳಿಗೆ ಹೋಗುತ್ತೆ. ಅವರ ಅಕ್ಷರ ದಿನಾ ಎಲ್ಲರೂ ನೋಡ್ತೀವಿ. ಯಾವತ್ತಾದರೂ ಒಂದು ಮಾತು ಅಂದಿದ್ದೀವಾ?”

ತಲೆಗಳು ತಿರುಗಿದವು. ಚಪ್ಪಾಳೆಯೂ ಬಿತ್ತು. ಬೋರ್ಡಣ್ಣನ ಮೈ ಉರಿದುಹೋಯಿತು. ಇಪ್ಪತ್ತೆರಡು ವರ್ಷ ಕಾದ ಮಾತು ಕೊನೆಗೂ ಬಂದಿತ್ತು, ಬರಬಾರದ ಬಾಯಿಂದ. ತನ್ನ ತಟ್ಟೆ ತುಂಬಿ ಮಿಕ್ಕಿದ್ದರಿಂದ ಒಂದು ತುತ್ತು ಎತ್ತಿಕೊಟ್ಟ ಹಾಗೆ. ಇನ್ನು ಬದುಕಿರುವತನಕ ಈ ತುತ್ತಿನ ಋಣ. ಊರು ತನ್ನನ್ನು ಹೊಗಳಿದರೂ ಅದು ಷಡ್ಡಕ ಹೇಳಿಕೊಟ್ಟ ಹೊಗಳಿಕೆ.

ಅಧ್ಯಕ್ಷೆ ಹೇಳಿದಳು: “ಮಾತು ಸರಿ. ಆದ್ರೆ ಇತರೆಯಲ್ಲಿ ಬಂದಿದೆ, ಕೈ ಎತ್ತಿಸೋ ಹಾಗಿಲ್ಲ. ನನಗೆ ನಾಲ್ಕನೇದು ಅಂತ ನೆನಪಿತ್ತು. ಹಲಗೆ ಹಿಂಗಿದೆ, ಏನ್ ಮಾಡೋದು.”

ಗೊಬ್ಬರದಂಗಡಿಯವನು ಹೆಗಲ ಮೇಲಿನ ಬಟ್ಟೆ ಕೊಡವಿ ಏಳತೊಡಗಿದ. ಷಡ್ಡಕ ತಲೆ ಬಗ್ಗಿಸಿ ಕೂತ. ಹಲಗೆ ಬರೆದವನತ್ತ ಒಂದು ಸಲವೂ ನೋಡಲಿಲ್ಲ. ಯಾರ ಕೆಲಸವೆಂದು ಗೊತ್ತಾಗಿಯೂ ಬಿಟ್ಟುಕೊಡುತ್ತಿದ್ದಾನೆ. ಬೋರ್ಡಣ್ಣನಿಗೆ ಅದೊಂದನ್ನು ತಡೆದುಕೊಳ್ಳಲಾಗಲಿಲ್ಲ. ಇವನ ಋಣದಲ್ಲಿ ಬೀಳುವುದಕ್ಕಿಂತ ಕಳ್ಳ ಅನ್ನಿಸಿಕೊಳ್ಳುವುದೇ ವಾಸಿ.

“ಹಲಗೆ ತಪ್ಪು,” ಎಂದ. “ಚೀಟೀಲಿ ಅದು ನಾಲ್ಕನೇದೇ. ಕೆಳಗಿಳಿಸಿದ್ದು ನಾನು.”

“ಕಣ್ತಪ್ಪಿನಿಂದ ಆಗಿರಬೇಕು,” ಎಂದು ಅಧ್ಯಕ್ಷೆ ದಾರಿ ಮಾಡಿಕೊಟ್ಟಳು.

“ಇಲ್ಲಮ್ಮ. ಕಣ್ಣು ಸರಿಯಾಗೇ ಇದೆ.”

“ಹಂಗಾದ್ರೆ ಹೊಟ್ಟೇಲಿ ಉರಿ ಇರಬೇಕು,” ಎಂದ ಗೊಬ್ಬರದಂಗಡಿಯವನು, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವೆಂಬ ಸಿಟ್ಟಿನಲ್ಲಿ. ಸಭೆ ಗೊಳ್ಳೆಂದಿತು.

ಬರೆದವನೇ ಹಲಗೆ ತಪ್ಪೆಂದ ಮೇಲೆ ಚೀಟಿಯೇ ಸರಿ ಎಂದಳು ಅಧ್ಯಕ್ಷೆ. ಬೋರ್ಡಣ್ಣ ಜೇಬಿನಿಂದ ತೆಗೆದುಕೊಟ್ಟ ಚೀಟಿಯನ್ನು ಗುಮಾಸ್ತ ಓದಿದ. ಕೈ ಎತ್ತಿಸಿದರು. ಪರವಾಗಿ ಹತ್ತೊಂಬತ್ತು, ವಿರುದ್ಧ ಹನ್ನೊಂದು. ಬೋರ್ಡಣ್ಣನ ಕೈ ಯಾವ ಕಡೆಗೂ ಏಳಲಿಲ್ಲ. ತೂಕದ ಮನೆಯ ಬೀಗದ ಕೈ ಅಲ್ಲೇ ಷಡ್ಡಕನ ಕೈ ಸೇರಿತು. ಅವನು ಹತ್ತಿರ ಬಂದು, “ಬರ್ತೀರಾ ಅಣ್ಣ, ಬಾಗಿಲು ತೆಗೆಯೋಣ” ಎಂದ.

“ಹಸು ಕಾಯ್ತಿದೆ,” ಎಂದ ಬೋರ್ಡಣ್ಣ.

ಸಭೆಯಲ್ಲಿ ಕೂತು ಎಲ್ಲ ಕೇಳಿದ್ದ ಹೆಂಡತಿ ದಾರಿಯಲ್ಲಿ ಜೊತೆಯಾದಳು. ಬೈಗುಳಕ್ಕೆ ಅವನು ತಯಾರಾಗಿದ್ದ. ಅವಳೆಂದಳು: “ಇಷ್ಟೆಲ್ಲ ಆದ್ರೂ ಆತ ಒಂದು ಮಾತು ಅನ್ನಲಿಲ್ಲ ನೋಡಿ. ಎಂಥ ದೊಡ್ಡ ಮನಸ್ಸು.”

“ಎದ್ದು ನಿಂತು ಒಪ್ಪಿಕೊಂಡೋನು ನಾನು.”

“ಮಾಡಿದೋರೂ ನೀವೇ ಅಲ್ವಾ?”

ಹಿಂದೆ ತೂಕದ ಮನೆಯ ಬಾಗಿಲು ಕಿರುಗುಟ್ಟಿ ತೆರೆದುಕೊಂಡಿತು. ಸ್ವಲ್ಪ ಹೊತ್ತಿಗೆ ಹಾಡು ಕೇಳಿಸಿತು. ಬರಿಗೋಡೆಗಳ ನಡುವೆ ಕೊರಳು ಎಂದಿಗಿಂತ ತುಂಬಿ ಬರುತ್ತಿತ್ತು. ಇವತ್ತಾದರೂ ಎಲ್ಲಾದರೂ ಎಡವಿಯಾನೆಂದು ಬೋರ್ಡಣ್ಣ ಕಿವಿಗೊಟ್ಟು ನಡೆದ. ಎಡವಲಿಲ್ಲ. ಹತ್ತು ಹೆಜ್ಜೆ ಹೋದ ಮೇಲೆ ಪಕ್ಕದಲ್ಲಿ ಕಾಲಸಪ್ಪಳವಿಲ್ಲವೆಂದು ಗೊತ್ತಾಗಿ ತಿರುಗಿ ನೋಡಿದ. ಹೆಂಡತಿ ಹಾಡಿನ ಕಡೆ ಮುಖ ಮಾಡಿ ಬೇಲಿಯ ಪಕ್ಕ ನಿಂತುಬಿಟ್ಟಿದ್ದಳು. ಅವನು ಮುಂದೆ ಹೋದದ್ದು ಅವಳಿಗೆ ತಿಳಿದಿರಲಿಲ್ಲ.