ಖಂಡೇಪೂಜೆಗೆ ಇಟ್ಟ ಬಂದೂಕು

ಹಂದಿ ಓಡಿಸಲು ಲೈಸೆನ್ಸ್ ಪಡೆದ ಬಂದೂಕು ಕುಪ್ಪೇಲೂರಿನಲ್ಲಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ನಮ್ಮಪ್ಪ ಹೊಳಿಯಪ್ಪನಿಗೆ ಅದರ ಮೇಲಿದ್ದ ಅಕ್ಕರೆ ನಮ್ಮ ಮೇಲೂ ಇರಲಿಲ್ಲ ಎಂದು ನಾನು ಈಗಲೂ ವಾದಿಸುತ್ತೇನೆ. ನಮ್ಮ ಗೋವಿನಜೋಳದ ಹೊಲದಲ್ಲಿ ಒಂದೇ ಒಂದು ಹಂದಿಯೂ ಅದಕ್ಕೆ ಬಿದ್ದದ್ದಿಲ್ಲ. ಆದರೂ ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಬಂದೂಕಿನ ದರ್ಶನವಾಗುತ್ತಿತ್ತು. "ನನ್ನ ಮಗನೂ ಹೆಂಗ ಹಿಡೀತಾನ ನೋಡ್ರಿ" ಎಂದು ನನ್ನ ತಮ್ಮ ಗುಡ್ಡಪ್ಪನ ಹೆಗಲಿಗೆ ಅದನ್ನು ಏರಿಸಿ ಹಿಗ್ಗುತ್ತಿದ್ದ.

೧೯೯೧ರ ಖಂಡೇಪೂಜೆಯ ದಿನ ಕುಡಗೋಲು, ಕುಂಟೆ, ರಂಟೆಗಳ ಜೊತೆ ಬಂದೂಕಿಗೂ ಕುಂಕುಮ ಹಚ್ಚಿ ಪಡಸಾಲೆಯಲ್ಲಿ ಇಟ್ಟಿದ್ದ. ಹಿಂದಿನ ದಿನ ನಳಿಗೆಯ ಬಾಯಿಂದ ತುಂಬಿದ ಮದ್ದುಗುಂಡು ಒಳಗೆ ಹಾಗೇ ಇತ್ತು. ಅದನ್ನು ಖಾಲಿ ಮಾಡಬೇಕೆಂದರೆ ಹಾರಿಸಲೇಬೇಕು. ಪೂಜೆಗೆ ಇಟ್ಟ ಆಯುಧವನ್ನೋ ಆ ದಿನ ಬಳಸುವಂತಿಲ್ಲ. "ನಾಳೆ ಹಾರಿಸಿದ್ರಾತು" ಎಂದು ಅಪ್ಪ ಹೋಳಿಗೆ ಉಂಡು ಮಲಗಿದ.

ಮಧ್ಯಾಹ್ನ ಗುಡ್ಡಪ್ಪ ಮೂಗಿನಲ್ಲಿ ರಕ್ತ ಸುರಿಸಿಕೊಂಡು ಬಂದ. ಕಬಡ್ಡಿಯಲ್ಲಿ ಜಗಳವಾಗಿ, ದರ್ಜಿ ಯೂಸುಫಸಾಬರ ಮಗ ಜಹಾಂಗೀರ ಗುದ್ದಿದ್ದನಂತೆ. ಇಬ್ಬರೂ ಹದಿನೈದರ ಹುಡುಗರು, ಶಾಲೆಯಲ್ಲಿ ಒಂದೇ ಬೆಂಚಿನವರು. "ಏನಾತೋ?" ಎಂದು ನಾನು ಕೇಳುವಷ್ಟರಲ್ಲಿ ಬಂದೂಕು ಎತ್ತಿಕೊಂಡು ಓಡಿದ. ಹೆದರಿಸುವುದಷ್ಟೇ ಅವನ ಮನಸ್ಸಿನಲ್ಲಿತ್ತು. ಮದ್ದು ತುಂಬಿದೆ ಎಂಬುದು ಗೊತ್ತಿರಲಿಲ್ಲ. ಗುರಿಯಿಟ್ಟು ಕುದುರೆ ಎಳೆದೇಬಿಟ್ಟ; ಸೀಸದ ಸಣ್ಣ ಗುಂಡುಗಳು ಜಹಾಂಗೀರನ ತೊಡೆಗೆ ಹೊಕ್ಕವು.

ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ, ಜೀವಕ್ಕೆ ಅಪಾಯವಿಲ್ಲ ಎಂದರು. ಮರುದಿನ ಬೆಳಿಗ್ಗೆ ಅಪ್ಪ ಗುಡ್ಡಪ್ಪನ ರಟ್ಟೆ ಹಿಡಿದು ಅಲ್ಲಿಗೆ ಕರೆದೊಯ್ದ. ನಾನೂ ದೊಡ್ಡಪ್ಪನೂ ಹಿಂದೆ ಹೋದೆವು. ಪೊಲೀಸ್ ಫೌಜದಾರರು ಹೇಳಿಕೆ ಬರೆದುಕೊಳ್ಳಲು ಬಂದಾಗ ದೊಡ್ಡಪ್ಪ ಅಪ್ಪನ ಕಿವಿಯಲ್ಲಿ ಉಸುರಿದ: "ಜಹಾಂಗೀರನೇ ಬಂದೂಕು ಜಗ್ಗಿದ, ಹಾರಿತು ಅನ್ನು. ನಿನ್ನ ಮಗ ಉಳೀತಾನ, ಲೈಸೆನ್ಸೂ ಉಳೀತೈತಿ."

ಹಾಗೇ ಹೇಳಲಿ ಎಂದು ನಾನೂ ಬಯಸಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಪ್ಪ ಮಗನ ಮುಖ ನೋಡಿ, ಫೌಜದಾರರತ್ತ ತಿರುಗಿದ. "ಹೊಡದವ ನನ್ನ ಮಗ, ಸಾಹೇಬ್ರ. ಮದ್ದು ತುಂಬಿ ಅವನ ಕೈಗೆ ಸಿಗೋಹಂಗ ಇಟ್ಟವ ನಾನು. ಮೊದಲ ನನ್ನ ಹೆಸರು ಬರ್ಕೋರ್ರಿ. ಬಂದೂಕು ನಿಮ್ಮ ಕಡೀನ ಇರ್ಲಿ, ನನಗ ಬ್ಯಾಡ."

ದೊಡ್ಡಪ್ಪ ಹಣೆ ಚಚ್ಚಿಕೊಂಡ. ಕೇಸು ಆಯಿತು. ವಯಸ್ಸು ನೋಡಿ ಫೌಜದಾರರು ಗುಡ್ಡಪ್ಪನನ್ನು ಅಪ್ಪನ ಜಾಮೀನಿನ ಮೇಲೆ ಬಿಟ್ಟರು.

ಮಂಚದ ಬಳಿ ಕೂತಿದ್ದ ಜಹಾಂಗೀರನ ತಾಯಿ ಮುಮ್ತಾಜಬಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಗುಡ್ಡಪ್ಪ ಅವರ ಕಾಲು ಹಿಡಿಯಲು ಬಗ್ಗಿದ.

"ಕಾಲು ಗೀಲು ಬ್ಯಾಡ," ಎಂದರು. "ನಿನ್ನ ನೋಡಿದ್ರ ನನ್ನ ಕರಳು ಉರೀತೈತಿ. ಆದ್ರ ಇವನ್ನ ಸಂಡಾಸಕ್ಕ ಎತ್ಕೊಂಡು ಹೋಗಾಕ ನನ್ನ ಕೈಲೆ ಆಗವಲ್ದು. ಬಾ, ಎತ್ತು."

ಅಪ್ಪ ಮುಂದೆ ಬಂದ.

"ನೀವು ಕುಂದ್ರಿ, ಹೊಳಿಯಪ್ಪಣ್ಣ. ಅವನೇ ಎತ್ತಲಿ."

ಗುಡ್ಡಪ್ಪ ಗೆಳೆಯನ ಬೆನ್ನಡಿ ಕೈ ತೂರಿಸಿದ. ಜಹಾಂಗೀರ ಮುಖ ಆಚೆ ತಿರುಗಿಸಿಕೊಂಡೇ ಅವನ ಕೊರಳಿಗೆ ಕೈ ಹಾಕಿದ. ನೋವಿಗೆ ಹಲ್ಲು ಕಚ್ಚಿ, "ಸಾವಕಾಶ ಹಿಡೀಲೇ," ಎಂದ. ಗೋಡೆಗೆ ಒರಗಿ ನಿಂತಿದ್ದ ಅಪ್ಪ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ.

ಹದಿನೆಂಟು ದಿನ ನನ್ನ ತಮ್ಮನೇ ಅವನನ್ನು ಎತ್ತಿದ. ಹತ್ತೊಂಬತ್ತನೆಯ ದಿನ ಜಹಾಂಗೀರ, "ಬಿಡಲೇ, ನಡೀತೇನಿ" ಎಂದಾಗ, ಎಲ್ಲಿ ಬಿದ್ದುಬಿಡುತ್ತಾನೋ ಎಂದು ಗುಡ್ಡಪ್ಪ ಕೈಬಿಡಲೇ ಇಲ್ಲ.