ರೋಗಿ ನೆಮ್ಮದಿಯಾಗಿದ್ದಾರೆ

ನನ್ನ ಗಂಡನಿಗೆ ಯಾವುದನ್ನೂ ಚುಟುಕಾಗಿ ಹೇಳಲು ಬರುವುದಿಲ್ಲ. ಹಾಲು ಒಡೆದಿದೆ ಎಂದು ತಿಳಿಸಬೇಕಾದರೂ ಹಿಂದಿನ ಸಂಜೆ ಅಂಗಡಿಗೆ ಹೊರಟಲ್ಲಿಂದ ಶುರು ಮಾಡುತ್ತಾರೆ. ಕಟ್ಟಡಗಳಲ್ಲಿ ಬೆಂಕಿ ತಡೆಯುವ ವ್ಯವಸ್ಥೆ ಸರಿಯಿದೆಯೇ ಎಂದು ತಪಾಸಣೆ ಮಾಡುವ ಕಚೇರಿಯಲ್ಲಿ ಅವರಿಗೆ ಕೆಲಸ. ಅವರ ವರದಿ ಓದಿ ಮುಗಿಸುವಷ್ಟರಲ್ಲಿ ಕಟ್ಟಡ ಸುಟ್ಟು ಬೂದಿಯಾಗಿರುತ್ತದೆ ಎಂದು ಅಲ್ಲಿ ಎಲ್ಲರೂ ನಗುತ್ತಾರೆ. ಈ ಮಾತನ್ನು ಹುಟ್ಟುಹಾಕಿದವನು ಅದೇ ಕಚೇರಿಯಲ್ಲಿರುವ ನನ್ನ ಸ್ವಂತ ತಮ್ಮ.

ಬಡ್ತಿ ಬೇಕಾದರೆ ಇಲಾಖೆಯ ಲಿಖಿತ ಪರೀಕ್ಷೆ ಪಾಸಾಗಬೇಕು. ಮೂರು ಗಂಟೆ, ಐದು ಪ್ರಶ್ನೆ. ತಮ್ಮ ಮೊದಲ ಸಲಕ್ಕೇ ಪಾಸಾದ. ಇವರು ಮೂರು ಸಲ ಡುಮ್ಕಿ ಹೊಡೆದರು. ಗೊತ್ತಿಲ್ಲದೆ ಅಲ್ಲ. ಮೊದಲ ಪ್ರಶ್ನೆಗೆ ಹನ್ನೊಂದು ಪುಟ, ಎರಡನೆಯದಕ್ಕೆ ಒಂಬತ್ತು, ಮೂರನೆಯದರ ಪೀಠಿಕೆಯಲ್ಲಿರುವಾಗ ಗಂಟೆ ಹೊಡೆಯುತ್ತದೆ. ನಾಲ್ಕನೆಯ ಸಲವೇ ಕೊನೆಯ ಅವಕಾಶ. ಅದೂ ಕೈತಪ್ಪಿದರೆ ನನ್ನ ತಮ್ಮನೇ ಇವರಿಗೆ ಮೇಲಧಿಕಾರಿ.

"ಮನೇಲಿ ಅವನ ಕಿವಿ ಹಿಂಡ್ತೀನಿ, ಆಫೀಸಲ್ಲಿ 'ಸರ್, ಒಳಗೆ ಬರ್ಲಾ' ಅನ್ಬೇಕಾ?" ಎಂದು ಅವರು ಊಟ ಬಿಟ್ಟು ಎದ್ದರು.

ನಾನು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್. ಪಾಳಿ ಮುಗಿದಾಗ ಮುಂದಿನವಳಿಗೆ ನೋಟ್ ಬರೆದಿಡಬೇಕು. ಒಬ್ಬ ರೋಗಿಗೆ ನಾಲ್ಕೇ ಸಾಲು: ಏನಾಗಿದೆ, ಏನು ಮಾಡಿದೆ, ಏನು ಬಾಕಿ, ಈಗ ಹೇಗಿದ್ದಾರೆ. ಇವರನ್ನೂ ಅದೇ ದಾರಿಗೆ ತರೋಣ ಎಂದು ಮೇಜಿನ ಮೇಲೆ ಅಂಗೈಯಗಲದ ಚೀಟಿಗಳನ್ನಿಟ್ಟೆ.

"ಇದರಲ್ಲಿ ನನ್ನ ಪೀಠಿಕೆಗೇ ಜಾಗ ಸಾಲಲ್ಲ ಕಣೇ!"

"ನೀವು ಪೀಠಿಕೆ ಮುಗಿಸೋ ಹೊತ್ತಿಗೆ ನನ್ನ ಪೇಷಂಟ್ ಹೋಗ್ಬಿಟ್ಟಿರ್ತಾನೆ. ಬಾಯ್ಮುಚ್ಕೊಂಡು ಬರೀರಿ."

ನಾನು ರೋಗಿಗಳನ್ನು ಕಲ್ಪಿಸಿ ಹೇಳುತ್ತಿದ್ದೆ, ಕೈಯಲ್ಲಿ ಗಡಿಯಾರ ಹಿಡಿದು. ಕಾಲು ಮುರಿದವನು, ಗುಂಡಿ ನುಂಗಿದ ಮಗು, ಔಷಧಿ ಉಗುಳುವ ಅಜ್ಜ. ಒಂದು ತಿಂಗಳು ಇವರು ಅವರೆಲ್ಲರ ನೋಟ್ ಬರೆದರು. ಪ್ರತಿಯೊಂದರ ಕೊನೆಗೆ "ರೋಗಿ ನೆಮ್ಮದಿಯಾಗಿದ್ದಾರೆ" ಎಂಬ ಸಾಲು. ಆಮೇಲೆ ರೋಗಿಗಳನ್ನು ಬಿಟ್ಟು ಕಟ್ಟಡಗಳಿಗೆ ಬಂದೆವು. ಒಂದು ಪ್ರಶ್ನೆಗೆ ಅರ್ಧ ಗಂಟೆ, ಉಳಿದ ಹೊತ್ತು ತಿರುಗಿ ಓದಲು ಎಂದು ಗೊತ್ತು ಮಾಡಿದೆ.

ಪರೀಕ್ಷೆಯ ದಿನ ಗೇಟಿನ ಹೊರಗೆ ಕಾದು ನಿಂತಿದ್ದೆ. ಇವರು ಬಂದಾಗ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

"ಐದೂ ಬರೆದ್ರಾ?"

"ಬರೆದೆ. ಇಪ್ಪತ್ತು ನಿಮಿಷ ಉಳೀತು."

"ಮತ್ಯಾಕ್ರೀ ಈ ಮುಖ?"

"ತಿರುಗಿ ಓದ್ದೆ. ಗೋದಾಮು, ಸಿನಿಮಾ ಮಂದಿರ, ಹಿಟ್ಟಿನ ಗಿರಣಿ, ಎಲ್ಲಾ ಉತ್ತರದ ಕೊನೇಲೂ ರೋಗಿ ನೆಮ್ಮದಿಯಾಗಿದ್ದಾರೆ ಅಂತ ಬರೆದಿದೀನಿ."

"ಅಯ್ಯೋ! ಹೊಡೆದು ಹಾಕ್ಬೇಕಿತ್ತು."

"ನಾಲ್ಕು ಹೊಡೆದೆ. ಸುಮ್ನೆ ಹೊಡೆದ್ರೆ ಚೆನ್ನಾಗಿರಲ್ಲ ಅಂತ, ಯಾಕೆ ಹೊಡೆದೆ ಅಂತ ಪಕ್ಕದಲ್ಲಿ ವಿವರಣೆ ಬರೆದೆ. ಐದನೇದಕ್ಕೆ ಬರೋ ಹೊತ್ತಿಗೆ ಪೇಪರ್ ಕಿತ್ಕೊಂಡ್ರು."

ತಲೆ ಚಚ್ಚಿಕೊಳ್ಳಬೇಕೆನಿಸಿತು. ಬೈಯೋಣವೆಂದರೆ ಆ ಸಾಲು ಕಲಿಸಿದವಳು ನಾನೇ. ಮುಂದಿನ ಆರು ವಾರ ನನ್ನ ತಮ್ಮ ಮನೆಗೆ ಬಂದಾಗಲೆಲ್ಲ ಇವರು ಅವನ ಕಿವಿಯನ್ನು ಬರೀ ನೋಡುತ್ತಿದ್ದರು, ಮುಟ್ಟಲಿಲ್ಲ. ಅದನ್ನು ಕಂಡು ನನಗೆ ಸಂಕಟವಾಗುತ್ತಿತ್ತು.

ಫಲಿತಾಂಶದ ದಿನ ನಾನು ಡ್ಯೂಟಿಯಲ್ಲಿದ್ದೆ. ಪರೀಕ್ಷಕರು ತಿದ್ದಿದ ಉತ್ತರ ಪತ್ರಿಕೆಯನ್ನು ಕಚೇರಿಯಲ್ಲೇ ಹಿಂತಿರುಗಿಸುತ್ತಾರೆ ಎಂಬುದು ಗೊತ್ತಿತ್ತು. ಮಧ್ಯಾಹ್ನ ಇವರು ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡರು. ಒಂದೂ ಮಾತಾಡದೆ ಅಂಗೈಯಗಲದ ಚೀಟಿಯೊಂದನ್ನು ನನ್ನ ಕೈಗಿಟ್ಟರು.

"ಪರೀಕ್ಷೆ ಪಾಸಾಗಿದೆ. 'ಯಾರು ಈ ರೋಗಿ?' ಎಂದು ಕೇಳಿ ಒಂದು ಅಂಕ ಕಳೆದಿದ್ದಾರೆ. ನಿನ್ನ ತಮ್ಮನ ಕಿವಿ ಹಿಂಡುವುದು ಬಾಕಿ. ರೋಗಿ ನೆಮ್ಮದಿಯಾಗಿದ್ದಾರೆ."

ಖುಷಿಗೆ ನನಗೆ ಅಳುವೇ ಬಂದುಬಿಟ್ಟಿತು.

"ಇಷ್ಟೇನಾ? ಎಲ್ಲಾ ಬಿಡಿಸಿ ಹೇಳ್ರೀ" ಎಂದೆ.

ಇವರು ಕುರ್ಚಿ ಎಳೆದುಕೊಂಡು ಕುಳಿತು, ಬೆಳಿಗ್ಗೆ ಹಾಸಿಗೆಯಿಂದ ಎದ್ದಲ್ಲಿಂದ ಶುರು ಮಾಡಿದರು.