ಎಂಬತ್ತೆಂಟಕ್ಕೆ ಏರಿತ್ತು

“ಎಂಬತ್ತೆಂಟಕ್ಕೆ ಏರಿತ್ತು” ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಿರಿಂಜಕ್ಕ ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಒಳಗೆ ಸತ್ತವನ ಹೆಂಡತಿ ಬಂದಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. ಆ ಅಂಕಿಯನ್ನು ನಿನ್ನೆ ಅವಳ ಕಿವಿಗೆ ಹಾಕಿದವಳು ಸಿರಿಂಜಕ್ಕನೇ. ಅವಳು ಐಸಿಯುವಿನ ನರ್ಸ್; ಹೊತ್ತು ಹೊತ್ತಿಗೆ ರಕ್ತ ತೆಗೆಯಲು ಬರುವವಳಿಗೆ ರೋಗಿಗಳ ಮನೆಯವರು ಇಟ್ಟ ಹೆಸರು ಸಿರಿಂಜಕ್ಕ.

ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಬಿಡೋಣ ಎನ್ನಿಸಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಮುದುಕಿಯೊಬ್ಬಳು ಆಸರೆಗೆಂದು ಅವಳ ತೋಳು ಹಿಡಿದಳು. ವಿಧಿಯಿಲ್ಲದೆ ಅವಳೂ ಮುದುಕಿಯೊಡನೆ ಒಳಗೆ ಬಂದಳು.

ನಡುಮನೆಯಲ್ಲಿ ಸಿಲಿಂಡರಣ್ಣ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಮೂವತ್ತು ವರ್ಷ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ಇಳಿಬಿದ್ದ ಬಲ ಹೆಗಲು ಮಲಗಿದರೂ ಸಮವಾಗಿರಲಿಲ್ಲ. ಮುದುಕಿಯ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ; ಒಂದು ದಿನವೂ ಗೊಣಗಿದವನಲ್ಲ ಪುಣ್ಯಾತ್ಮ ಎಂದು ಅವಳು ಕಣ್ಣೊರೆಸಿಕೊಂಡಳು. ಸೋಪಿನ ನೀರು ಹಚ್ಚಿ, ಸೋರುತ್ತಿಲ್ಲವೆಂದು ನೋಡಿಯೇ ಹೊರಡುತ್ತಿದ್ದನಂತೆ. ಮನೆಗೆ ಬೀಗ ಬಿದ್ದು ತುಂಬಿದ ಸಿಲಿಂಡರನ್ನು ಮತ್ತೆ ಕೆಳಗಿಳಿಸಬೇಕಾದ ದಿನ ಮಾತ್ರ ಮುಖ ಊದಿಸಿಕೊಳ್ಳುತ್ತಿದ್ದನಂತೆ. ಅಳುತ್ತಿದ್ದವರೂ ನಕ್ಕರು.

ಹೆಂಡತಿ ನಗಲಿಲ್ಲ. “ಆಸ್ಪತ್ರೆಯಿಂದ ನಾನು ಎದ್ದು ಬಂದಿದ್ದೇ ತಪ್ಪಾಯ್ತು. ಹುಷಾರಾಗ್ತಾ ಇದ್ರು. ನಾನು ಕಾಣಿಸ್ಲಿಲ್ಲ ಅಂತ ಜೀವ ಬಿಟ್ರು” ಎಂದಳು. ಅವಳ ಅಣ್ಣ ಎಷ್ಟು ಸಮಾಧಾನ ಹೇಳಿದರೂ ಅವಳ ತಲೆಗೆ ಹೋಗಲಿಲ್ಲ.

* * *

ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಸಿಲಿಂಡರಣ್ಣನ ಕುತ್ತಿಗೆಯ ನಳಿಕೆಯಿಂದ ನಿಧಾನವಾಗಿ ರಕ್ತ ಎಳೆದಿದ್ದಳು. ಗಾಳಿಗುಳ್ಳೆ ಇಲ್ಲವೆಂದು ಎರಡು ಸಲ ನೋಡಿ ಯಂತ್ರಕ್ಕೆ ಕೊಟ್ಟಿದ್ದಳು. ಮೈಯೆಲ್ಲ ಸುತ್ತಿ ಹೃದಯಕ್ಕೆ ಮರಳುವ ರಕ್ತದಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನು ಅದು ಹೇಳುತ್ತದೆ. ನೂರಕ್ಕೆ ಎಪ್ಪತ್ತರ ಆಸುಪಾಸು ಇರಬೇಕು. ಮೂರು ದಿನ ಐವತ್ತೈದು ದಾಟದೆ ಎಲ್ಲರ ಜೀವ ತಿಂದಿದ್ದ ಅಂಕಿ ಈಗ ಎಂಬತ್ತೆಂಟು. ಹೀಗೆ ಏರಿತೆಂದರೆ ಮೈ ಆಮ್ಲಜನಕ ತೆಗೆದುಕೊಳ್ಳುವುದನ್ನೇ ಬಿಟ್ಟಿರಬಹುದೆಂದು ಅವಳಿಗೆ ಗೊತ್ತಿತ್ತು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ನಾಲ್ಕು ದಿನದಿಂದ ನೆಲಕ್ಕೆ ಬೆನ್ನು ತಾಗಿಸದವಳು.

“ಏರಿದ್ಯಾ?”

“ಏರಿದೆ ಅಕ್ಕಾ, ಎಂಬತ್ತೆಂಟು. ಮನೆಗೆ ಹೋಗಿ ಸ್ವಲ್ಪ ಮಲಗಿ ಬನ್ನಿ.”

ಹೇಳಿದ್ದು ಸುಳ್ಳೇನಲ್ಲ. ಆ ಮುಖ ಅರಳಿದ್ದನ್ನು ಕಂಡ ಮೇಲೆ ಉಳಿದರ್ಧ ಹೇಳದೆ ಅವಳು ಯಂತ್ರದ ಚೀಟಿ ಹಿಡಿದು ಡಾಕ್ಟರ ಬಳಿ ಹೋದಳು. ಚೀಟಿ ನೋಡಿದ ಡಾಕ್ಟರು ಓಡೋಡಿ ಬಂದರು. ಮೂರು ಗಂಟೆಗೆ ಎಲ್ಲ ಮುಗಿದಿತ್ತು.

* * *

ಹೊರಗೆ ಹೆಣ ಒಯ್ಯುವ ವ್ಯಾನು ಬಂದು ನಿಂತಿತು. ಈಗ ಬಾಯಿ ಬಿಡದಿದ್ದರೆ ಈ ಹೆಂಗಸು ಬದುಕಿರುವಷ್ಟು ದಿನವೂ ತನ್ನನ್ನೇ ಶಪಿಸಿಕೊಳ್ಳುತ್ತಾಳೆ. ಸಿರಿಂಜಕ್ಕ ಗಟ್ಟಿ ಮನಸ್ಸು ಮಾಡಿ ಅವಳ ಪಕ್ಕ ಕುಳಿತಳು.

“ಅಕ್ಕಾ, ಅವ್ರು ಹುಷಾರಾಗ್ತಾ ಇರ್ಲಿಲ್ಲ. ಆ ನಂಬರ್ ಅಷ್ಟು ಏರ್ಬಾರದಿತ್ತು. ರಕ್ತ ಮೈಯೆಲ್ಲಾ ಸುತ್ತಿ ಬಂತು, ಮೈ ಏನೂ ತಗೊಳ್ಲಿಲ್ಲ. ಗೊತ್ತಿದ್ದೂ ನಿಮ್ಮನ್ನ ಮನೆಗೆ ಕಳಿಸ್ದೆ.”

ಹೆಂಡತಿ ಗಂಡನ ಇಳಿಬಿದ್ದ ಹೆಗಲತ್ತ ತಿರುಗಿದಳು. “ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂತಾ?”

“ಹೂಂ.”

“ನಾನಿದ್ದಿದ್ರೂ?”

“ನೀವಿದ್ದಿದ್ರೂ ಅಷ್ಟೇ. ಆದ್ರೆ ಪಕ್ಕದಲ್ಲಿ ಇರ್ತಿದ್ರಿ. ಅದನ್ನ ನಾನು ಕಿತ್ಕೊಂಡೆ.”

ಬೈಗುಳಕ್ಕೆ ಸಿರಿಂಜಕ್ಕ ತಲೆ ತಗ್ಗಿಸಿ ಕಾದಳು.

“ಕೊನೇಲಿ ಅವ್ರ ಹತ್ರ ಯಾರಿದ್ರು?”

“ನಾನೇ. ಕೈ ಹಿಡ್ಕೊಂಡಿದ್ದೆ. ಬೆಚ್ಚಗಿತ್ತು.”

“ಯಾವ ಕೈಲಮ್ಮಾ ಹಿಡ್ಕೊಂಡಿದ್ದು?”

ಸಿರಿಂಜಕ್ಕ ಎಡಗೈ ಮುಂದೆ ಮಾಡಿದಳು. ಹೆಂಡತಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

ಇನ್ನು ಹೊರಡೋಣ ಎಂದು ಅಣ್ಣ ಕರೆದ. ನಾಲ್ವರು ಬಗ್ಗಿ ಸಿಲಿಂಡರಣ್ಣನನ್ನು ಎತ್ತಿಕೊಂಡರು. ಹೆಂಡತಿಯೂ ಎದ್ದಳು, ಹಿಡಿದ ಕೈ ಬಿಡದೆ. ಸಿರಿಂಜಕ್ಕನ ಚೀಲ ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಪುರುಸೊತ್ತಿಲ್ಲದೆ ಅವಳೂ ಹೆಣದ ಹಿಂದೆ ಮೆಟ್ಟಿಲಿಳಿದಳು.